ಮೂರು ಅಂಗಡಿಗೆ ಒಂದೇ ಪಟ್ಟಿ: ಕ್ಲೌಡ್ ಮೂಲಕ ಮಾಸ್ಟರ್ ದತ್ತಾಂಶ ಹೊಂದಿಸುವ ಬಗೆ

2025ರ ಸೆಪ್ಟೆಂಬರ್ 22, ಸೋಮವಾರ. ನವರಾತ್ರಿಯ ಮೊದಲ ದಿನ. ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದ ದಿನವೂ ಅದೇ. ಹುಬ್ಬಳ್ಳಿಯಲ್ಲಿ ಮುಖ್ಯ ಅಂಗಡಿ, ಗದಗ ಮತ್ತು ಹಾವೇರಿಯಲ್ಲಿ ಶಾಖೆಗಳಿರುವ ಹಾರ್ಡ್‌ವೇರ್ ವ್ಯಾಪಾರಿಯೊಬ್ಬರು ಮಧ್ಯಾಹ್ನದ ಹೊತ್ತಿಗೆ ನನಗೆ ಫೋನ್ ಮಾಡಿದರು. ಹುಬ್ಬಳ್ಳಿಯಲ್ಲಿ ಲೆಕ್ಕ ಇಡುವ ಟ್ಯಾಲಿ ತಂತ್ರಾಂಶದಲ್ಲಿ ದರ ಹಿಂದಿನ ರಾತ್ರಿಯೇ ಬದಲಾಗಿತ್ತು. ಹಾವೇರಿಯವರು ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಕೈಯಿಂದ ತಿದ್ದಿಕೊಂಡಿದ್ದರು. ಗದಗದ ಬಿಲ್ಲಿಂಗ್ ತಂತ್ರಾಂಶ ಮಾತ್ರ ಹಳೆಯ ದರದಲ್ಲೇ ಬಿಲ್ ಹೊಡೆಯುತ್ತ ಕುಳಿತಿತ್ತು. ತೆರಿಗೆ ಬಿಟ್ಟು 300 ರೂಪಾಯಿ ಬೀಳುವ ಚೀಲ ಹುಬ್ಬಳ್ಳಿಯಲ್ಲಿ 354, ಗದಗದಲ್ಲಿ 384. ಎರಡೂ ಕಡೆ ಖಾತೆ ಇಟ್ಟಿದ್ದ ಗುತ್ತಿಗೆದಾರನೊಬ್ಬ ಎರಡು ಬಿಲ್ಲುಗಳ ಫೋಟೊ ಕಳುಹಿಸಿ, ‘ಸಾಹುಕಾರರೇ, ಗದಗಿಗೆ ಬೇರೆ ಸರಕಾರವೇ?’ ಎಂದು ಕೇಳಿದ್ದನಂತೆ.

ದರ ಇಳಿಯುವ ಸುದ್ದಿ ಸೆಪ್ಟೆಂಬರ್ 3ರಂದೇ ಹೊರಬಿದ್ದಿತ್ತು. ಹತ್ತೊಂಬತ್ತು ದಿನ ಕೈಯಲ್ಲಿದ್ದರೂ ಹೀಗಾಯಿತು. ಒಂದೇ ಸಂಗತಿಯನ್ನು ಮೂರು ಊರುಗಳಲ್ಲಿ ಮೂವರು ನೆನಪಿಟ್ಟು ತಿದ್ದಬೇಕು ಎಂಬ ಏರ್ಪಾಟಿದ್ದರೆ ಇವತ್ತಲ್ಲ ನಾಳೆ ಒಬ್ಬರು ಮರೆಯುತ್ತಾರೆ. ಆ ಅಂಗಡಿಗೆ ಆಮೇಲೆ ಮಾಡಿಕೊಟ್ಟ ವ್ಯವಸ್ಥೆಯನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಟ್ಯಾಲಿಯ ಬದಲು ಬೇರೇನಾದರೂ ಇರಬಹುದು, ಸಿಮೆಂಟಿನ ಬದಲು ಸೀರೆ ಇರಬಹುದು. ಕ್ರಮ ಹೆಚ್ಚು ಬದಲಾಗುವುದಿಲ್ಲ.

ಸಿಂಕ್, ಅಂದರೆ ಎಲ್ಲ ಕಡೆಯ ಪಟ್ಟಿ ಒಂದೇ ಆಗುವಂತೆ ಹೊಂದಿಸುವುದು, ಎಂದೊಡನೆ ಬಹಳ ಜನ ಕೊಳವೆಯ ಕಡೆ ನೋಡುತ್ತಾರೆ. ಯಾವ ಕ್ಲೌಡ್, ಯಾವ ತಂತ್ರಾಂಶ, ತಿಂಗಳಿಗೆ ಎಷ್ಟು ಬಾಡಿಗೆ? ಕೊಳವೆ ಹಾಕಿದ್ದು ನಾವು ಎರಡು ದಿನದಲ್ಲಿ. ಯಾವ ನೀರಿಗೆ ಯಾರು ಹೊಣೆ ಎಂದು ತೀರ್ಮಾನವಾಗಲು ಮೂರು ವಾರ ಹಿಡಿಯಿತು. ನೀವೂ ಆ ಮೂರು ವಾರವನ್ನು ಲೆಕ್ಕಕ್ಕೆ ಹಿಡಿದುಕೊಂಡೇ ಹೊರಡಿ.

ಮೊದಲು: ಏನನ್ನು ಕಳುಹಿಸಬೇಕು, ಏನನ್ನು ಕಳುಹಿಸಬಾರದು

ಹಳೆಯ ಲೆಕ್ಕದ ಪುಸ್ತಕ ಕಂಡವರಿಗೆ ಇದು ಸುಲಭ. ದಿನದ ವ್ಯವಹಾರ ಕಿರ್ದಿಯಲ್ಲಿ. ಖಾತೆ ಪುಸ್ತಕದಲ್ಲಿ ಪುಟಕ್ಕೊಬ್ಬ ಗಿರಾಕಿ, ಪುಟದ ನೆತ್ತಿಯ ಮೇಲೆ ಅವನ ಹೆಸರು, ಊರು. ಆ ನೆತ್ತಿಯ ಬರಹವೇ ಮಾಸ್ಟರ್. ಗಿರಾಕಿ, ಸರಬರಾಜುದಾರ, ಸರಕು, ಅಳತೆಯ ಘಟಕ, ದರಪಟ್ಟಿ, ತೆರಿಗೆ ವರ್ಗ, ಗೋದಾಮು ಇವೆಲ್ಲ ನಿಧಾನವಾಗಿ ಬದಲಾಗುವಂಥವು ಮತ್ತು ಎಲ್ಲ ಕಡೆ ಒಂದೇ ಇರಬೇಕಾದವು. ಬಿಲ್ಲು, ರಸೀದಿ, ಇವತ್ತಿನ ದಾಸ್ತಾನು, ಉದ್ರಿ ಬಾಕಿ ಇವು ಕಿರ್ದಿಯ ಮಕ್ಕಳು.

‘ಹೇಗೂ ಕಡತ ಹೋಗುತ್ತದೆ, ದಾಸ್ತಾನನ್ನೂ ಅದರಲ್ಲೇ ಹಾಕಿಬಿಡಿ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ರಾತ್ರಿ ಹೋದ ದಾಸ್ತಾನಿನ ಅಂಕಿ ಬೆಳಿಗ್ಗೆ ಹತ್ತು ಗಂಟೆಗೆ ಸುಳ್ಳಾಗಿರುತ್ತದೆ. ಅದನ್ನು ನಂಬಿ ಮಾರಾಟಗಾರ ಮಾತು ಕೊಟ್ಟರೆ ನಿಮ್ಮ ಇಡೀ ವ್ಯವಸ್ಥೆಯ ಮೇಲಿನ ವಿಶ್ವಾಸ ಒಂದೇ ವಾರದಲ್ಲಿ ಹೋಗುತ್ತದೆ.

ಎರಡನೆಯದು: ಪ್ರತಿ ಅಂಕಣಕ್ಕೂ ಒಬ್ಬನೇ ಯಜಮಾನ

ಕಂಪ್ಯೂಟರ್ ಮುಚ್ಚಿಟ್ಟು ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಎಡಗಡೆ ಪ್ರತಿ ಅಂಕಣದ ಹೆಸರು: ಸರಕಿನ ಹೆಸರು, ಎಚ್‌ಎಸ್‌ಎನ್ ಸಂಖ್ಯೆ (ತೆರಿಗೆಗಾಗಿ ಸರಕನ್ನು ವರ್ಗೀಕರಿಸುವ ಅಂಕಿ), ಮಾರಾಟ ದರ, ಗಿರಾಕಿಯ ವಿಳಾಸ, ಮೊಬೈಲ್, ಜಿಎಸ್‌ಟಿ ಸಂಖ್ಯೆ, ಉದ್ರಿ ಮಿತಿ. ಬಲಗಡೆ ಅದನ್ನು ಬದಲಿಸುವ ಹಕ್ಕು ಯಾವ ವ್ಯವಸ್ಥೆಗೆ, ಯಾವ ವ್ಯಕ್ತಿಗೆ ಎಂದು ಬರೆಯಿರಿ. ಒಂದು ಸಾಲಿನಲ್ಲಿ ಎರಡು ಹೆಸರು ಬಂದರೆ ಕೆಲಸ ಮುಗಿದಿಲ್ಲ ಎಂದು ಅರ್ಥ.

ನಮ್ಮ ಪಂಚಾಯಿತಿ ನಿಂತದ್ದು ಉದ್ರಿ ಮಿತಿಯ ಮೇಲೆ. ಗದಗದ ಶಾಖೆ ನೋಡಿಕೊಳ್ಳುವವರು ಸಾಹುಕಾರರ ತಮ್ಮ. ‘ಅಣ್ಣಾ, ಇಲ್ಲಿಯ ಗಿರಾಕಿ ಎಂಥವನು ಎಂದು ನನಗೆ ಗೊತ್ತು, ನಿನಗಲ್ಲ. ಮಿತಿ ನಾನೇ ಹಾಕುತ್ತೇನೆ’ ಎಂದರು. ‘ಮುಳುಗಿದಾಗ ಮಾತ್ರ ನನ್ನ ಹತ್ತಿರ ಬರುತ್ತೀಯಲ್ಲ’ ಎಂದರು ಅಣ್ಣ. ಹಿರಿಯ ಗುಮಾಸ್ತರು ಕನ್ನಡಕ ಒರೆಸುತ್ತ ಸುಮ್ಮನಿದ್ದರು. ಕೊನೆಗೆ ಉದ್ರಿ ಮಿತಿ, ದರ, ತೆರಿಗೆ ಹುಬ್ಬಳ್ಳಿಯ ಪಾಲಾದವು. ಗಿರಾಕಿಯ ಮೊಬೈಲ್ ಸಂಖ್ಯೆ ಮತ್ತು ಸರಕು ಇಳಿಸುವ ವಿಳಾಸ, ಅವನು ಹೆಚ್ಚಾಗಿ ಕೊಳ್ಳುವ ಶಾಖೆಗೆ ಸೇರಿದವು. ಇಂಥ ಜಗಳ ಹಾಳೆಯ ಮೇಲೆಯೇ ಆಗಬೇಕು. ಇಲ್ಲದಿದ್ದರೆ ಅದು ಕಂಪ್ಯೂಟರಿನೊಳಗೆ ಪ್ರತಿ ರಾತ್ರಿ, ಯಾರ ಕಣ್ಣಿಗೂ ಬೀಳದಂತೆ ನಡೆಯುತ್ತದೆ.

‘ಇಬ್ಬರೂ ತಿದ್ದಲಿ, ಕೊನೆಗೆ ತಿದ್ದಿದವರದ್ದು ಉಳಿಯಲಿ’ ಎಂಬ ಅಡ್ಡದಾರಿಯನ್ನು ಹಲವು ತಂತ್ರಾಂಶಗಳು ತೋರಿಸುತ್ತವೆ. ಒಂದು ಶಾಖೆಯ ಕಂಪ್ಯೂಟರಿನ ಗಡಿಯಾರ ಇಪ್ಪತ್ತು ನಿಮಿಷ ಮುಂದಿದ್ದರೆ ಆ ಶಾಖೆಯೇ ಸದಾ ಗೆಲ್ಲುತ್ತದೆ, ಅಷ್ಟೇ.

ಮೂರನೆಯದು: ಅರ್ಥವಿಲ್ಲದ ಕೋಡು

ಎರಡು ವ್ಯವಸ್ಥೆಗಳು ಒಂದೇ ಗಿರಾಕಿಯನ್ನು ಗುರುತಿಸುವುದು ಹೆಸರಿನಿಂದ ಆಗಬಾರದು. ಹೆಸರು ತಿದ್ದುಪಡಿಯಾಗುತ್ತದೆ, ಒಂದೇ ಹೆಸರಿನವರು ಹತ್ತು ಜನ ಇರುತ್ತಾರೆ. ಜಿಎಸ್‌ಟಿ ಸಂಖ್ಯೆಯನ್ನೇ ಗುರುತಾಗಿ ಬಳಸೋಣ ಎನ್ನುವವರುಂಟು. ಅದೂ ಬೇಡ. ನೋಂದಣಿ ಇಲ್ಲದ ಗಿರಾಕಿಗೆ ಆ ಸಂಖ್ಯೆಯೇ ಇಲ್ಲ, ಮತ್ತು ಒಂದೇ ಸಂಖ್ಯೆಯ ಕೆಳಗೆ ನಾಲ್ಕು ಕೆಲಸದ ಜಾಗಗಳಿರುವ ಗುತ್ತಿಗೆದಾರರಿದ್ದಾರೆ.

ಸುಮ್ಮನೆ ಒಂದು ಅಕ್ಷರ, ಆರು ಅಂಕಿ ಸಾಕು. ಗಿರಾಕಿಗೆ ‘ಗ’ ಸರಣಿ, ಸರಕಿಗೆ ‘ಸ’ ಸರಣಿ. ನಿಜವಾದ ಕಡತದಲ್ಲಿ ಇವು ಇಂಗ್ಲಿಷ್ ಅಕ್ಷರಗಳಲ್ಲೇ ಇರಲಿ. ಓದಿಗೆ ಅನುಕೂಲವಾಗಲೆಂದು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮುಂದೆ ಬರುವ ಫೋಲ್ಡರ್ ಹೆಸರುಗಳಿಗೂ ಇದೇ ಮಾತು. ಕೋಡಿನೊಳಗೆ ಊರು, ಕಂಪನಿ, ಅಳತೆ ಏನನ್ನೂ ತುಂಬಬೇಡಿ. ಗದಗದ ಗಿರಾಕಿ ಹಾವೇರಿಗೆ ಹೋದ ದಿನ ಆ ಜಾಣತನ ಕಾಲಿಗೆ ತೊಡರುತ್ತದೆ. ಒಮ್ಮೆ ಕೊಟ್ಟ ಕೋಡನ್ನು, ಆ ಗಿರಾಕಿ ಅಂಗಡಿ ಮುಚ್ಚಿದರೂ, ಮತ್ತೊಬ್ಬರಿಗೆ ಕೊಡಬೇಡಿ. ಪ್ರತಿ ಶಾಖೆಯ ಹಳೆಯ ಕೋಡನ್ನು ಪಕ್ಕದಲ್ಲಿಟ್ಟು ಒಂದು ಜೋಡಿ ಪಟ್ಟಿ ಮಾಡಿ, ಅದನ್ನು ಹುಬ್ಬಳ್ಳಿಯಲ್ಲಿ ಒಂದೇ ಕಡೆ ಇಡಿ.

ನಾಲ್ಕನೆಯದು: ಪಟ್ಟಿಯ ಕೊಳೆ ತೆಗೆಯುವುದು

ಬೇಸರದ ಕೆಲಸ, ಆದರೆ ಕನ್ನಡ ನಾಡಿನ ಪಟ್ಟಿಗಳಲ್ಲಿ ಇದರ ಬಣ್ಣವೇ ಬೇರೆ. ಮೊದಲು ಊರಿನ ಹೆಸರು. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾಯಿತು. ಹುಬ್ಲಿ ಹೋಗಿ ಹುಬ್ಬಳ್ಳಿ, ಬೆಳಗಾಂ ಹೋಗಿ ಬೆಳಗಾವಿ, ಗುಲ್ಬರ್ಗ ಹೋಗಿ ಕಲಬುರಗಿ. ಅದಕ್ಕೂ ಮೊದಲು ಖಾತೆ ತೆರೆದ ಗಿರಾಕಿ ಹಳೆಯ ಹೆಸರಿನ ಕೆಳಗಿದ್ದಾನೆ, ಆಮೇಲೆ ಬಂದ ಅವನ ಮಗ ಹೊಸ ಹೆಸರಿನ ಕೆಳಗೆ. ನಮ್ಮ ಪಟ್ಟಿಯಲ್ಲಿ ಹುಬ್ಬಳ್ಳಿ ಒಂಬತ್ತು ರೂಪಗಳಲ್ಲಿತ್ತು. ಎರಡರ ಹಿಂದೆ ಬರೀ ಖಾಲಿ ಜಾಗ ಅಂಟಿಕೊಂಡಿತ್ತು, ಕಣ್ಣಿಗೆ ಕಾಣದು. ಊರುಗಳ ಪಟ್ಟಿಯೊಂದನ್ನು ಮಾಡಿ, ಅದರಿಂದಲೇ ಆಯ್ದುಕೊಳ್ಳುವಂತೆ ಮಾಡಿ. ಕೈಯಿಂದ ಬೆರಳಚ್ಚಿಸುವುದನ್ನು ನಿಲ್ಲಿಸಿ.

ಎರಡನೆಯ ಕೊಳೆ ಕನ್ನಡ ಅಕ್ಷರಗಳದ್ದು. ಹಳೆಯ ನುಡಿ, ಬರಹ ತಂತ್ರಾಂಶಗಳ ಕಾಲದಲ್ಲಿ ಬೆರಳಚ್ಚಿಸಿದ ಹೆಸರುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ರೂಪದಲ್ಲಿ ಉಳಿದಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಲ್ಯಾಟಿನ್ ಅಕ್ಷರಗಳ ಕಸದಂತೆ ಕಾಣುತ್ತವೆ. ಅವನ್ನು ಪರಿವರ್ತಕದಿಂದ ಯೂನಿಕೋಡಿಗೆ ತಂದು, ಒಬ್ಬರು ಕಣ್ಣಾರೆ ಓದಿ ನೋಡಬೇಕು. ಯೂನಿಕೋಡಿನಲ್ಲೂ ಒಂದು ಕಳ್ಳ ಕಿಂಡಿ ಇದೆ. ‘ಕೊಟ್ಟೂರು’ ಎಂಬುದರ ಮೊದಲ ಅಕ್ಷರದ ಒತ್ವವನ್ನು ಕಂಪ್ಯೂಟರ್ ಒಂದೇ ಚಿಹ್ನೆಯಾಗಿ ಇಟ್ಟುಕೊಳ್ಳಬಹುದು, ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳಾಗಿಯೂ ಇಟ್ಟುಕೊಳ್ಳಬಹುದು. ಪರದೆಯ ಮೇಲೆ ಎರಡೂ ಒಂದೇ. ಹೋಲಿಸಿ ನೋಡಿದರೆ ಬೇರೆ ಬೇರೆ. ಹೀಗೆ ಒಬ್ಬನೇ ಗಿರಾಕಿ ಎರಡಾಗುತ್ತಾನೆ. ಹೋಲಿಸುವ ಮೊದಲು ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತರಬೇಕು. ಪೈಥಾನ್‌ನಂಥ ಪ್ರೋಗ್ರಾಂ ಬರೆಯುವ ಭಾಷೆಗಳಲ್ಲಿ ಅದು ಒಂದೇ ಸಾಲಿನ ಕೆಲಸ.

ಜಿಎಸ್‌ಟಿ ಸಂಖ್ಯೆಯನ್ನು ಪರೀಕ್ಷಿಸುವುದು ಸುಲಭ. ಒಟ್ಟು 15 ಅಕ್ಷರ. ಮೊದಲ ಎರಡು ರಾಜ್ಯದ ಸಂಖ್ಯೆ, ಕರ್ನಾಟಕಕ್ಕೆ 29. ನಂತರದ ಹತ್ತು ಪ್ಯಾನ್. ಕೊನೆಯದು ತಾಳೆ ನೋಡುವ ಅಕ್ಷರ. ಸೊನ್ನೆಯ ಬದಲು ಇಂಗ್ಲಿಷಿನ ‘ಓ’ ಹೊಡೆದಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಎಚ್‌ಎಸ್‌ಎನ್‌ನಲ್ಲಿ ಅಂಕಿಗಳು ಎಷ್ಟಿವೆ ಎಂದು ನೋಡಿ: 5 ಕೋಟಿ ರೂಪಾಯಿಗಿಂತ ಹೆಚ್ಚು ವಾರ್ಷಿಕ ವಹಿವಾಟಿದ್ದರೆ 2021ರ ಏಪ್ರಿಲ್ 1ರಿಂದ ಬಿಲ್ಲಿನಲ್ಲಿ ಆರು ಅಂಕಿ ಬೇಕು. ಹಳೆಯ ಪಟ್ಟಿಗಳಲ್ಲಿ ನಾಲ್ಕೇ ಇರುವುದು ಸಾಮಾನ್ಯ.

ಎಕ್ಸೆಲ್ ಎಂಬ ನೆಂಟ

ಇದಕ್ಕೆ ಪ್ರತ್ಯೇಕ ಜಾಗ ಕೊಡಲೇಬೇಕು. ಕಡತ ಹುಬ್ಬಳ್ಳಿಯಿಂದ ಸರಿಯಾಗಿಯೇ ಹೊರಡುತ್ತದೆ. ದಾರಿಯಲ್ಲಿ ಯಾರೋ ‘ಒಮ್ಮೆ ನೋಡೋಣ’ ಎಂದು ಎಕ್ಸೆಲ್‌ನಲ್ಲಿ ತೆರೆದು, ಮುಚ್ಚುವಾಗ ಉಳಿಸಿಬಿಡುತ್ತಾರೆ. ಅಲ್ಲಿಗೆ ಮುಗಿಯಿತು.

ನಮ್ಮಲ್ಲಿ ಪಿವಿಸಿ ಎಲ್ಬೋಗಳಿಗೆ ಅಳತೆಯ ಅಂಕಣವಿತ್ತು. ಅರ್ಧ ಇಂಚಿಗೆ 1/2, ಮುಕ್ಕಾಲು ಇಂಚಿಗೆ 3/4 ಎಂದು. ಎಕ್ಸೆಲ್ ಇವನ್ನು ದಿನಾಂಕವೆಂದು ಭಾವಿಸಿತು. ಅರ್ಧ ಇಂಚು ಫೆಬ್ರುವರಿ 1 ಆಯಿತು, ಮುಕ್ಕಾಲು ಇಂಚು ಏಪ್ರಿಲ್ 3 ಆಯಿತು. ಹಾವೇರಿಯ ಹುಡುಗ ಫೋನ್ ಮಾಡಿ ‘ಸರ್, ಏಪ್ರಿಲ್ 3ರ ಎಲ್ಬೋ ಎಂದರೆ ಹೊಸ ಮಾಲೇ?’ ಎಂದು ಕೇಳಿದಾಗಲೇ ನಮಗೆ ಗೊತ್ತಾದದ್ದು. 890ರಿಂದ ಆರಂಭವಾಗುವ ಹದಿಮೂರು ಅಂಕಿಯ ಬಾರ್‌ಕೋಡುಗಳು 8.9ಇ+12 ಎಂಬಂತಾಗಿ, ಉಳಿಸಿದಾಗ ಹಿಂದಿನ ಅಂಕಿಗಳೇ ಕಳೆದುಹೋಗುತ್ತವೆ. ಸೊನ್ನೆಯಿಂದ ಶುರುವಾಗುವ ಕೋಡುಗಳ ಸೊನ್ನೆ ಉದುರುತ್ತದೆ. ನಮ್ಮೊಬ್ಬರ ಗೋಳಲ್ಲ ಇದು. ಎಕ್ಸೆಲ್ ದಿನಾಂಕವಾಗಿ ಬದಲಿಸುತ್ತದೆ ಎಂಬ ಕಾಟಕ್ಕೆ ಮಾನವ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಕೆಲವು ವಂಶವಾಹಿಗಳ ಹೆಸರನ್ನೇ ಬದಲಿಸಿ, 2020ರಲ್ಲಿ ಹೊಸ ನಿಯಮ ಪ್ರಕಟಿಸಿತು. ವಿಜ್ಞಾನಿಗಳೇ ಸೋತ ಕಡೆ ನಮ್ಮ ಗುಮಾಸ್ತರನ್ನು ಬೈದು ಪ್ರಯೋಜನವಿಲ್ಲ. ಅಳತೆಯನ್ನು ಮಿಲಿಮೀಟರಿನಲ್ಲಿ ಅಥವಾ ‘ಅರ್ಧ ಇಂಚು’ ಎಂದು ಅಕ್ಷರದಲ್ಲಿ ಬರೆಯಿರಿ. ಕೋಡುಗಳು ಅಕ್ಷರದಿಂದಲೇ ಆರಂಭವಾಗಲಿ. ಕಡತ ನೋಡಬೇಕೆನ್ನುವವರಿಗೆ ಬೇರೆಯೇ ಒಂದು ಪ್ರತಿ ಕೊಡಿ.

ಐದನೆಯದು: ಕ್ಲೌಡಿನಲ್ಲಿ ಜಾಗ

ಕ್ಲೌಡ್ ಸಂಗ್ರಹದಲ್ಲಿ ಎರಡು ಜಾತಿ. ಗೂಗಲ್ ಡ್ರೈವ್, ಒನ್‌ಡ್ರೈವ್‌ನಂಥವು ಕಂಪ್ಯೂಟರಿನ ಫೋಲ್ಡರನ್ನೇ ಮೋಡದಲ್ಲಿ ಪ್ರತಿಬಿಂಬಿಸುತ್ತವೆ. ಮನುಷ್ಯರು ಹಂಚಿಕೊಳ್ಳಲು ಒಳ್ಳೆಯವು. 2006ರಲ್ಲಿ ಆರಂಭವಾದ ಅಮೆಜಾನ್ ಎಸ್3, ಮೈಕ್ರೋಸಾಫ್ಟಿನ ಅಜೂರ್ ಬ್ಲಾಬ್, ಗೂಗಲ್ ಕ್ಲೌಡ್ ಸ್ಟೋರೇಜ್‌ಗಳು ಇನ್ನೊಂದು ಜಾತಿ. ಇವು ಯಂತ್ರಗಳ ನಡುವಿನ ಉಗ್ರಾಣ. ನಾನು ಎರಡನೆಯದನ್ನೇ ಆರಿಸುತ್ತೇನೆ. ಪ್ರತಿಬಿಂಬಿಸುವ ಫೋಲ್ಡರಿನಲ್ಲಿ ಇನ್ನೂ ಬರೆದು ಮುಗಿಯದ ಅರ್ಧ ಕಡತವನ್ನು ಶಾಖೆಯ ಪ್ರೋಗ್ರಾಂ ಓದಿಬಿಡಬಹುದು. ಶಾಖೆಯಲ್ಲಿ ಯಾರೋ ಫೋಲ್ಡರ್ ಅಳಿಸಿದರೆ ಎಲ್ಲ ಕಡೆಯೂ ಅಳಿಯಬಹುದು. ಎಸ್3ನಂಥ ಉಗ್ರಾಣದಲ್ಲಿ ಪೂರ್ತಿ ಏರಿದ ಮೇಲೆಯೇ ಕಡತ ಕಣ್ಣಿಗೆ ಬೀಳುತ್ತದೆ.

ಆ ಉಗ್ರಾಣದಲ್ಲಿ ನಿಮ್ಮ ಪಾಲಿನ ಜಾಗವಾದ ಬಕೆಟ್ ತೆರೆಯುವಾಗ ಮುಂಬೈ ಅಥವಾ ಹೈದರಾಬಾದಿನಂಥ ಭಾರತದ ಕೇಂದ್ರವನ್ನು ಆರಿಸಿ. ಸಾರ್ವಜನಿಕ ಪ್ರವೇಶವನ್ನು ಪೂರ್ತಿ ಮುಚ್ಚಿ. ವರ್ಷನಿಂಗ್ ಎಂಬ ಹಳೆಯ ಪ್ರತಿ ಉಳಿಸುವ ಸೌಲಭ್ಯವನ್ನು ಮೊದಲ ದಿನವೇ ಹಾಕಿ. ಆಮೇಲೆ ಹಾಕಿದರೆ ಅದಕ್ಕೂ ಹಿಂದೆ ತಿದ್ದಿಹೋದದ್ದು ಮರಳಿ ಬರುವುದಿಲ್ಲ. ತೊಂಬತ್ತು ದಿನಕ್ಕಿಂತ ಹಳೆಯವು ತಾವೇ ಅಳಿಯುವಂತೆ ಒಂದು ನಿಯಮ ಬರೆಯಿರಿ.

ಫೋಲ್ಡರುಗಳು ನಾಲ್ಕೇ ಸಾಕು: ‘ಹೊರಗೆ’, ‘ಕೋರಿಕೆ’, ‘ರಸೀದಿ’, ‘ತಿರಸ್ಕೃತ’. ‘ಹೊರಗೆ’ ಫೋಲ್ಡರಿನಲ್ಲಿ ಬರೆಯುವ ಹಕ್ಕು ಹುಬ್ಬಳ್ಳಿಗೆ ಮಾತ್ರ, ಶಾಖೆಗಳಿಗೆ ಓದುವ ಹಕ್ಕು. ಶಾಖೆ ಕೇಳುವ ಹೊಸ ಸಾಲುಗಳಿಗೆ ‘ಕೋರಿಕೆ’, ಪಟ್ಟಿ ತಲುಪಿದ ವರದಿಗೆ ‘ರಸೀದಿ’; ಇವೆರಡರಲ್ಲಿ ಪ್ರತಿ ಶಾಖೆ ತನ್ನ ಉಪಫೋಲ್ಡರಿನಲ್ಲಷ್ಟೇ ಬರೆಯಬಲ್ಲದು. ಕೊನೆಯದು ಹುಬ್ಬಳ್ಳಿ ಒಪ್ಪದ ಕೋರಿಕೆಗಳಿಗೆ. ಪ್ರತಿ ಶಾಖೆಗೂ ಬೇರೆ ಬೀಗದಕೈ ಕೊಡಿ. ಮಾಲೀಕರ ಮುಖ್ಯ ಖಾತೆಯ ಗುಪ್ತಪದವನ್ನು, ಕಡತ ಸಾಗಿಸುವ ಪುಟ್ಟ ಪ್ರೋಗ್ರಾಂ ಆದ ಸ್ಕ್ರಿಪ್ಟಿನೊಳಗೆ ಅಂಟಿಸಿಡುವುದನ್ನು ನಾನು ಹಲವು ಕಡೆ ಕಂಡಿದ್ದೇನೆ. ಕೆಲಸ ಬಿಟ್ಟುಹೋದ ಹುಡುಗನ ಪೆನ್‌ಡ್ರೈವಿನಲ್ಲಿ ಅದೂ ಹೋಗುತ್ತದೆ.

ಇನ್ನೊಂದು ಸೂಕ್ಷ್ಮ: ಶಾಖೆಗೆ ಬೇಡದ್ದನ್ನು ಕಳುಹಿಸಬೇಡಿ. ಖರೀದಿ ಬೆಲೆ ಗದಗದ ಬಿಲ್ಲಿಂಗ್ ಮೇಜಿಗೆ ಬೇಕಿಲ್ಲ. ಹಾವೇರಿಯ ಗಿರಾಕಿಗಳ ಮೊಬೈಲ್ ಸಂಖ್ಯೆ ಗದಗಿಗೆ ಬೇಕಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ದೃಷ್ಟಿಯಲ್ಲಿ ಗಿರಾಕಿಯ ಹೆಸರು, ಫೋನು ವೈಯಕ್ತಿಕ ದತ್ತಾಂಶವೇ.

ಆರನೆಯದು: ಕಡತ ಹೇಗಿರಬೇಕು

ಬದಲಾದ ಸಾಲುಗಳನ್ನಷ್ಟೇ ಕಳುಹಿಸಬೇಕೇ, ಇಡೀ ಪಟ್ಟಿಯನ್ನೇ? ಟ್ಯಾಲಿಯಲ್ಲಿ ಮಾಸ್ಟರ್ ತಿದ್ದಿದಾಗಲೆಲ್ಲ ಏರುವ ಆಲ್ಟರ್ ಐಡಿ ಎಂಬ ಸಂಖ್ಯೆಯಿದೆ. ಅದನ್ನು ಹಿಡಿದು ಬದಲಾದದ್ದನ್ನಷ್ಟೇ ತೆಗೆಯಬಹುದು. ಆದರೂ ಚಿಕ್ಕ, ಮಧ್ಯಮ ವ್ಯಾಪಾರಕ್ಕೆ ನನ್ನ ಮತ ಇಡೀ ಪಟ್ಟಿಗೇ. 20,000 ಸರಕುಗಳು, ಸಾಲಿಗೆ 250 ಬೈಟ್ ಎಂದರೂ 5 ಎಂಬಿ. ತೊಂಬತ್ತು ದಿನದ್ದು ಸೇರಿ 450 ಎಂಬಿ. ಅದರ ತಿಂಗಳ ಬಾಡಿಗೆ ಒಂದು ಕಪ್ ಚಹಾದ ಬೆಲೆಯನ್ನೂ ಮುಟ್ಟುವುದಿಲ್ಲ. ಬದಲಾವಣೆಗಳನ್ನಷ್ಟೇ ಕಳುಹಿಸುವ ಪದ್ಧತಿಯಲ್ಲಿ ಮಂಗಳವಾರದ ಕಡತ ತಪ್ಪಿದರೆ ಆ ಬದಲಾವಣೆ ಎಂದೆಂದಿಗೂ ತಪ್ಪಿತು. ಇಡೀ ಪಟ್ಟಿಯಾದರೆ ಬುಧವಾರದ ಕಡತ ಮಂಗಳವಾರದ ತಪ್ಪನ್ನೂ ತುಂಬಿಕೊಳ್ಳುತ್ತದೆ.

ಸಿಎಸ್‌ವಿ (ಅಂಕಣಗಳ ನಡುವೆ ಅಲ್ಪವಿರಾಮವಿರುವ ಸರಳ ಪಠ್ಯ ಕಡತ) ಸಾಕು, ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲಿ. ದಿನಾಂಕ ಯಾವಾಗಲೂ 2025-09-22 ಎಂಬ ಕ್ರಮದಲ್ಲಿ. ಪ್ರತಿ ಕಡತಕ್ಕೂ ಹೊಸ ಹೆಸರು: ಪಟ್ಟಿಯ ಹೆಸರು, ದಿನಾಂಕ, ಏರುವ ಕ್ರಮಸಂಖ್ಯೆ. ಹಳೆಯದರ ಮೇಲೆ ಬರೆಯಬೇಡಿ.

ಸಿಮೆಂಟಿನ ಪ್ರಸಂಗಕ್ಕೆ ಮದ್ದು ಇರುವುದು ಎರಡು ಅಂಕಣಗಳಲ್ಲಿ. ಸರಕಿನ ಪಟ್ಟಿಯಲ್ಲಿ ತೆರಿಗೆಯ ಶೇಕಡಾವಾರು ಬರೆಯದೆ ‘ತೆರಿಗೆ ವರ್ಗ’ ಬರೆಯಿರಿ. ವರ್ಗಕ್ಕೆ ದರ ಎಷ್ಟು ಎಂಬುದು ಬೇರೆ ಪುಟ್ಟ ಪಟ್ಟಿ. ಆ ಪಟ್ಟಿಯಲ್ಲಿ ‘ಜಾರಿ ದಿನಾಂಕ’ ಎಂಬ ಅಂಕಣವಿರಲಿ. ಸಿಮೆಂಟ್ ವರ್ಗ, ಶೇ 18, 2025-09-22ರಿಂದ ಎಂಬ ಸಾಲನ್ನು ಸೆಪ್ಟೆಂಬರ್ 5ರಂದೇ ಕಳುಹಿಸಿದ್ದರೆ ಗದಗದ ಕಂಪ್ಯೂಟರಿಗೆ ಹದಿನೇಳು ದಿನ ಮೊದಲೇ ಗೊತ್ತಿರುತ್ತಿತ್ತು. ಮುಂದಿನ ದಿನಾಂಕದ ದರವನ್ನು ಇಟ್ಟುಕೊಳ್ಳಲು ಬಿಲ್ಲಿಂಗ್ ತಂತ್ರಾಂಶಕ್ಕೆ ಬಾರದಿದ್ದರೆ, ಶಾಖೆಯ ಸ್ಕ್ರಿಪ್ಟ್ ಆ ಸಾಲನ್ನು ಹಿಡಿದಿಟ್ಟು ಆ ದಿನ ಬೆಳಿಗ್ಗೆ ಬಿಲ್ಲಿಂಗ್ ತೆರೆಯುವ ಮೊದಲು ಒಳಗೆ ಬಿಡಲಿ. ಮಾರಾಟ ದರಕ್ಕೂ ಇದೇ ಉಪಾಯ.

ಕಡತಗಳ ಜೊತೆಗೆ ಒಂದು ‘ಬಿಳಿಚೀಟಿ’ ಕಳುಹಿಸಿ. ಲಾರಿಯ ಜೊತೆ ಮಾಲಿನ ಚೀಟಿ ಹೋಗುವುದಿಲ್ಲವೇ, ಹಾಗೆ. ಯಾವ ಕಡತ, ಎಷ್ಟು ಸಾಲು, ಅದರ ಎಸ್‌ಎಚ್‌ಎ-256 ಮುದ್ರೆ ಯಾವುದು ಎಂದು ಅದರಲ್ಲಿರಬೇಕು. ಈ ಮುದ್ರೆ ಕಡತದ ಒಡಲಿನಿಂದ ಲೆಕ್ಕ ಹಾಕಿದ ಬೆರಳಗುರುತು; ಒಂದಕ್ಷರ ಬದಲಾದರೂ ಅದು ಬದಲಾಗುತ್ತದೆ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಈ ಮುದ್ರೆಯನ್ನು ಲೆಕ್ಕ ಹಾಕಿಕೊಡುತ್ತದೆ. ಎಸ್3 ತಾನೇ ಪ್ರತಿ ಕಡತಕ್ಕೆ ಕೊಡುವ ಈಟ್ಯಾಗ್ ಎಂಬ ಗುರುತನ್ನು ಇದಕ್ಕೆ ನಂಬಬೇಡಿ. ದೊಡ್ಡ ಕಡತ ತುಂಡುಗಳಾಗಿ ಏರಿದಾಗ ಅದು ಕಡತದ ಸರಳ ಮುದ್ರೆಯಾಗಿರುವುದಿಲ್ಲ. ಎಲ್ಲ ಕಡತಗಳೂ ಏರಿದ ಮೇಲೆ, ಎಲ್ಲಕ್ಕಿಂತ ಕೊನೆಗೆ, ಬಿಳಿಚೀಟಿ ಏರಬೇಕು. ಶಾಖೆ ಹುಡುಕುವುದು ಬಿಳಿಚೀಟಿಯನ್ನು ಮಾತ್ರ. ಚೀಟಿ ಇಲ್ಲ ಎಂದರೆ ಮಾಲು ಬಂದಿಲ್ಲ.

ಏರಿಸಲು ಆರ್‌ಕ್ಲೋನ್ ಎಂಬ ಮುಕ್ತ ತಂತ್ರಾಂಶ ಚೆನ್ನಾಗಿದೆ. ಆದರೆ ಅದರಲ್ಲಿ ‘ಕಾಪಿ’ ಮತ್ತು ‘ಸಿಂಕ್’ ಎಂಬ ಎರಡು ಆಜ್ಞೆಗಳಿವೆ. ಹೆಸರು ನೋಡಿ ‘ಸಿಂಕ್’ ಕೊಟ್ಟೀರಿ ಜೋಕೆ: ಮೂಲದಲ್ಲಿ ಇಲ್ಲದ್ದನ್ನೆಲ್ಲ ಅದು ಆಚೆ ಕಡೆಯಿಂದ ಅಳಿಸಿಹಾಕುತ್ತದೆ. ನಮಗೆ ಬೇಕಾದದ್ದು ‘ಕಾಪಿ’. ಏನು ಮಾಡಲಿದೆ ಎಂದು ಮೊದಲು ಒಣ ತಾಲೀಮಿನ (ಡ್ರೈ ರನ್) ಆಯ್ಕೆಯಿಂದ ನೋಡಿಕೊಳ್ಳಿ.

ಏಳನೆಯದು: ಶಾಖೆಯಲ್ಲಿ ಇಳಿಸಿಕೊಳ್ಳುವುದು

ಕಡತ ಬಂದೊಡನೆ ಬಿಲ್ಲಿಂಗಿನೊಳಗೆ ಸುರಿಯಬೇಡಿ. ಮೊದಲು ಮುದ್ರೆ ಮತ್ತು ಸಾಲಿನ ಲೆಕ್ಕ ತಾಳೆ ನೋಡಬೇಕು. ನಂತರ ಒಂದು ತಾತ್ಕಾಲಿಕ ಕೋಷ್ಟಕದಲ್ಲಿಟ್ಟು ಈಗಿರುವುದರೊಂದಿಗೆ ಹೋಲಿಸಬೇಕು. ಎಷ್ಟು ಹೊಸತು, ಎಷ್ಟು ಬದಲಾದದ್ದು, ಎಷ್ಟು ಕಾಣೆಯಾದದ್ದು? ಒಂದೇ ರಾತ್ರಿ ನೂರಕ್ಕೆ ಐದಕ್ಕಿಂತ ಹೆಚ್ಚು ಸಾಲು ಬದಲಾಗಿದ್ದರೆ ಸ್ಕ್ರಿಪ್ಟ್ ನಿಂತು, ಮನುಷ್ಯರನ್ನು ಕೇಳಬೇಕು. ಈ ಐದು ಎಂಬುದು ನಮ್ಮ ಅಂದಾಜು. ದರಪಟ್ಟಿ ಆಗಾಗ ಬದಲಾಗುವ ವ್ಯಾಪಾರದಲ್ಲಿ ಏರಿಸಿಕೊಳ್ಳಿ. ಒಮ್ಮೆ ನಮ್ಮಲ್ಲಿ ಸಾಲುಗಳು ಒಂದೇ ಒಂದು ಅಂಕಣ ಸರಿದು, ಮೊಬೈಲ್ ಸಂಖ್ಯೆಗಳು ಉದ್ರಿ ಮಿತಿಯ ಜಾಗಕ್ಕೆ ಬಂದಿದ್ದವು. ಈ ತಡೆ ಇಲ್ಲದಿದ್ದರೆ ಮರುದಿನ ಹಾವೇರಿಯ ಪ್ರತಿ ಗಿರಾಕಿಗೂ ನೂರಾರು ಕೋಟಿ ಉದ್ರಿ ಸಿಗುತ್ತಿತ್ತು.

ಕಾಣೆಯಾದ ಸಾಲನ್ನು ಅಳಿಸಬಾರದು. ಹಳೆಯ ಬಿಲ್ಲುಗಳು ಆ ಕೋಡನ್ನು ಹಿಡಿದು ನಿಂತಿರುತ್ತವೆ. ‘ಚಾಲ್ತಿ’, ‘ನಿಂತಿದೆ’ ಎಂಬ ಸ್ಥಿತಿಯ ಅಂಕಣವಿಟ್ಟು, ನಿಂತದ್ದನ್ನು ಹೊಸ ಬಿಲ್ಲಿನಲ್ಲಿ ತೋರಿಸದಿದ್ದರೆ ಸಾಕು. ಅದೇ ಕಡತವನ್ನು ಎರಡು ಬಾರಿ ಇಳಿಸಿದರೂ ಫಲಿತಾಂಶ ಒಂದೇ ಆಗಿರಬೇಕು. ಇದನ್ನು ಬೇಕೆಂದೇ ಎರಡು ಬಾರಿ ಇಳಿಸಿ ಪರೀಕ್ಷಿಸಿ.

ಇಳಿಸಿಕೊಳ್ಳುವ ಕಡೆಯಲ್ಲೂ ಟ್ಯಾಲಿಯೇ ಇದ್ದರೆ ಒಂದು ಎಚ್ಚರಿಕೆ. ಮಾಸ್ಟರುಗಳನ್ನು ಆಮದು ಮಾಡುವಾಗ, ಈಗಾಗಲೇ ಇರುವವನ್ನು ಏನು ಮಾಡಬೇಕೆಂದು ಅದು ಕೇಳುತ್ತದೆ. ಆರಂಭಿಕ ಶಿಲ್ಕನ್ನು ಕೂಡಿಸು, ಹೊಸತರಿಂದ ತಿದ್ದು, ಇರುವುದನ್ನು ಹಾಗೇ ಬಿಡು ಎಂದು ಮೂರು ದಾರಿ. ಕೂಡಿಸುವುದನ್ನು ಒತ್ತಿದರೆ ಪ್ರತಿ ರಾತ್ರಿ ಎಲ್ಲರ ಆರಂಭಿಕ ಬಾಕಿಯೂ ಬೆಳೆಯುತ್ತ ಹೋಗುತ್ತದೆ. ಶಿಲ್ಕಿನ ಅಂಕಣವನ್ನು ಕಡತದಲ್ಲೇ ಇಡದಿರುವುದು ಇನ್ನೂ ಒಳ್ಳೆಯದು.

ಎಲ್ಲ ಮುಗಿದ ಮೇಲೆ ಶಾಖೆ ‘ರಸೀದಿ’ ಫೋಲ್ಡರಿನಲ್ಲಿ ಒಂದು ಪುಟ್ಟ ಕಡತ ಬರೆಯಬೇಕು: ಯಾವ ಕ್ರಮಸಂಖ್ಯೆ ತಲುಪಿತು, ಎಷ್ಟು ಸಾಲು ಹತ್ತಿದವು, ಎಷ್ಟು ಬಿದ್ದವು, ಯಾಕೆ ಬಿದ್ದವು.

ಎಂಟನೆಯದು: ಶಾಖೆಯಲ್ಲಿ ಹುಟ್ಟುವ ಗಿರಾಕಿ

ಗದಗದಲ್ಲಿ ಹೊಸ ಗಿರಾಕಿ ಬಂದು ನಿಂತಿದ್ದಾನೆ, ಟ್ರ್ಯಾಕ್ಟರ್ ಹೊರಗಿದೆ. ‘ನಾಳೆ ಹುಬ್ಬಳ್ಳಿಯಿಂದ ಕೋಡ್ ಬರುತ್ತದೆ, ಆಮೇಲೆ ಬನ್ನಿ’ ಎಂದರೆ ಅವನು ಎದುರಿನ ಅಂಗಡಿಗೆ ಹೋಗುತ್ತಾನೆ. ಹಾಗಾಗಿ ಶಾಖೆಗೆ ತಾತ್ಕಾಲಿಕ ಕೋಡ್ ಕೊಡುವ ಹಕ್ಕು ಇರಲೇಬೇಕು. ಗದಗ-ತಾ-0001 ಎಂಬಂತೆ, ಶಾಶ್ವತ ಸರಣಿಗೆ ಎಂದೂ ತಾಗದ ರೂಪದಲ್ಲಿ. ತಾತ್ಕಾಲಿಕ ಕೋಡಿನಲ್ಲಿ ನಗದು ವ್ಯವಹಾರ ಮಾತ್ರ, ಉದ್ರಿ ಇಲ್ಲ ಎಂಬ ನಿಯಮ ನಮ್ಮ ಸಾಹುಕಾರರದ್ದು, ನನಗೂ ಒಪ್ಪಿಗೆಯಾಯಿತು.

ಸಂಜೆ ಈ ಸಾಲುಗಳು ‘ಕೋರಿಕೆ’ ಫೋಲ್ಡರಿಗೆ ಹೋಗುತ್ತವೆ. ಹುಬ್ಬಳ್ಳಿಯ ಹಿರಿಯ ಗುಮಾಸ್ತರು ಮರುದಿನ ಬೆಳಿಗ್ಗೆ ಅವನ್ನು ನೋಡುತ್ತಾರೆ. ಜಿಎಸ್‌ಟಿ ಸಂಖ್ಯೆ, ಮೊಬೈಲ್ ಎರಡನ್ನೂ ಹಳೆಯ ಪಟ್ಟಿಯಲ್ಲಿ ಹುಡುಕಿ, ಹೊಸಬನಾದರೆ ಶಾಶ್ವತ ಕೋಡ್ ಕೊಡುತ್ತಾರೆ, ಹಳಬನಾದರೆ ಹಳೆಯ ಕೋಡಿಗೆ ಜೋಡಿಸುತ್ತಾರೆ. ಆ ರಾತ್ರಿಯ ಪಟ್ಟಿಯಲ್ಲಿ ಶಾಶ್ವತ ಕೋಡಿನ ಪಕ್ಕದಲ್ಲೇ ತಾತ್ಕಾಲಿಕ ಕೋಡೂ ಇರುತ್ತದೆ; ಶಾಖೆ ತನ್ನ ಬಿಲ್ಲುಗಳನ್ನು ಅದಕ್ಕೆ ಕಟ್ಟಿಕೊಳ್ಳುತ್ತದೆ. ಈ ಜೋಡಿಸುವ ಕೆಲಸವನ್ನು ಯಂತ್ರಕ್ಕೆ ಬಿಡಬೇಡಿ. ಎರಡು ಹೆಸರು ಒಬ್ಬನೇ ಮನುಷ್ಯನದ್ದೋ, ಅಣ್ಣ ತಮ್ಮಂದಿರದ್ದೋ ಎಂದು ಹೇಳಬಲ್ಲವರು ಮೂವತ್ತು ವರ್ಷ ಆ ಗಲ್ಲೆಯ ಪಕ್ಕ ಕುಳಿತವರೇ.

ಒಂಬತ್ತನೆಯದು: ಯಾವಾಗ ಓಡಿಸಬೇಕು, ಯಾರು ಕಾವಲು

ಪುಸ್ತಕಗಳಲ್ಲಿ ರಾತ್ರಿ ಎರಡು ಗಂಟೆ ಎಂದಿರುತ್ತದೆ. ನಮ್ಮ ಅಂಗಡಿಗಳಲ್ಲಿ ರಾತ್ರಿ ಎಂಟೂವರೆಗೆ ಮೇನ್ ಸ್ವಿಚ್ಚೇ ಆರಿಸುತ್ತಾರೆ. ಟ್ಯಾಲಿಯಿಂದ 9000ನೇ ಪೋರ್ಟ್ ಎಂಬ ಸಂಪರ್ಕ ದ್ವಾರದ ಮೂಲಕ ದತ್ತಾಂಶ ತೆಗೆಯಬೇಕಾದರೆ ಟ್ಯಾಲಿ ತೆರೆದೇ ಇರಬೇಕು. ಆದ್ದರಿಂದ ಹುಬ್ಬಳ್ಳಿಯಲ್ಲಿ ಸಂಜೆ ಏಳೂವರೆಗೆ ಹೊರಡಿಸಿ, ಶಾಖೆಗಳಲ್ಲಿ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದೊಡನೆ, ಬಿಲ್ಲಿಂಗ್ ತೆರೆಯುವ ಮೊದಲು ಇಳಿಸಿಕೊಳ್ಳುವಂತೆ ಮಾಡಿದೆವು. ಹೊತ್ತಿನ ಬಗ್ಗೆ ಇನ್ನೊಂದು: ಕ್ಲೌಡಿನಲ್ಲಿ ನಮೂದಾಗುವ ವೇಳೆ ಯುಟಿಸಿ ಎಂಬ ಜಾಗತಿಕ ವೇಳೆ, ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಗಿನ ಜಾವ ಎರಡಕ್ಕೆ ಏರಿದ ಕಡತದ ಮೇಲೆ ಹಿಂದಿನ ದಿನದ ದಿನಾಂಕವಿರುತ್ತದೆ. ‘ಇವತ್ತಿನ ಕಡತ’ವನ್ನು ಆ ವೇಳೆ ನೋಡಿ ಹುಡುಕಬೇಡಿ, ಕ್ರಮಸಂಖ್ಯೆ ನೋಡಿ.

ದೋಷ ಬಂದಾಗ ಸಂದೇಶ ಕಳುಹಿಸುವ ವ್ಯವಸ್ಥೆ ಎಲ್ಲರೂ ಮಾಡುತ್ತಾರೆ. ಕಂಪ್ಯೂಟರೇ ಹಚ್ಚದಿದ್ದರೆ ದೋಷವೂ ಬರುವುದಿಲ್ಲ, ಸಂದೇಶವೂ ಬರುವುದಿಲ್ಲ. ಕಾವಲು ಇರಬೇಕಾದದ್ದು ಮೌನದ ಮೇಲೆ. ಬೆಳಿಗ್ಗೆ ಹತ್ತೂವರೆಗೆ ಹುಬ್ಬಳ್ಳಿಯ ಕಂಪ್ಯೂಟರ್ ‘ರಸೀದಿ’ ಫೋಲ್ಡರ್ ತೆರೆದು ನೋಡುತ್ತದೆ. ನಿನ್ನೆಯ ಕ್ರಮಸಂಖ್ಯೆಗೆ ಎರಡೂ ಶಾಖೆಗಳ ರಸೀದಿ ಇಲ್ಲದಿದ್ದರೆ ಹಿರಿಯ ಗುಮಾಸ್ತರ ಮೊಬೈಲಿಗೆ ಸಂದೇಶ ಹೋಗುತ್ತದೆ. ಅವರು ಫೋನ್ ಎತ್ತಿ ‘ಏನಪ್ಪಾ, ಪಟ್ಟಿ ಇಳಿಸಿಲ್ಲವೇ?’ ಎಂದು ಕೇಳುತ್ತಾರೆ. ಇದಕ್ಕಿಂತ ಒಳ್ಳೆಯ ಎಚ್ಚರಿಕೆ ಗಂಟೆ ನಾನು ಕಂಡಿಲ್ಲ.

ಮೊದಲ ಎರಡು ವಾರ ನಿಜವಾಗಿ ಏನನ್ನೂ ಬದಲಿಸದೆ ಹೋಲಿಕೆಯ ವರದಿಯನ್ನಷ್ಟೇ ಮುದ್ರಿಸಿ ಓದಿ. ನಮಗೆ ಆ ವರದಿಯಲ್ಲೇ ಒಂದೇ ಬಣ್ಣದ ಡಬ್ಬಿ ಹಾವೇರಿಯಲ್ಲಿ ಲೀಟರಿನಲ್ಲಿ, ಗದಗದಲ್ಲಿ ಡಬ್ಬಿಯಲ್ಲಿ ಎಣಿಕೆಯಾಗುತ್ತಿರುವುದು ಸಿಕ್ಕಿತು. ಘಟಕ ಬದಲಾದರೆ ದರವೂ ದಾಸ್ತಾನೂ ಎರಡೂ ತಪ್ಪುತ್ತವೆ. ಇಂಥವನ್ನು ಪಟ್ಟಿ ಜಾರಿಯಾಗುವ ಮೊದಲೇ ಕೈಯಿಂದ ಸರಿಮಾಡಿಕೊಳ್ಳಬೇಕು.

ತಪ್ಪು ಪಟ್ಟಿ ಹೊರಟುಹೋದರೆ

ಹೋಗುತ್ತದೆ, ಒಂದಲ್ಲ ಒಂದು ದಿನ. ಆಗ ಬಕೆಟ್ಟಿನಲ್ಲಿ ಆ ಕಡತವನ್ನು ಅಳಿಸಲು ಓಡಬೇಡಿ. ಒಂದು ಶಾಖೆ ಇಳಿಸಿಕೊಂಡಿರಬಹುದು, ಇನ್ನೊಂದು ಇಳಿಸಿಕೊಂಡಿಲ್ಲದಿರಬಹುದು. ಸರಿಯಿದ್ದ ಹಿಂದಿನ ಪಟ್ಟಿಯನ್ನೇ ತೆಗೆದು ಹೊಸ ಕ್ರಮಸಂಖ್ಯೆ, ಹೊಸ ಬಿಳಿಚೀಟಿಯೊಂದಿಗೆ ಮತ್ತೆ ಕಳುಹಿಸಿ. 118 ಕೆಟ್ಟಿದ್ದರೆ 117ರ ಒಡಲು 119 ಎಂಬ ಹೆಸರಿನಲ್ಲಿ ಹೋಗಬೇಕು. ಶಾಖೆಗೆ ಅದು ಮಾಮೂಲಿ ಇನ್ನೊಂದು ಪಟ್ಟಿ. ಬದಲಾದ ಸಾಲು ಹೆಚ್ಚಿದ್ದರಿಂದ ನೂರಕ್ಕೆ ಐದರ ತಡೆ ಅಡ್ಡ ಬರುತ್ತದೆ. ಎರಡೂ ಶಾಖೆಗಳಿಗೆ ಫೋನ್ ಮಾಡಿ ಒಪ್ಪಿಗೆ ಒತ್ತಿಸಿ. 117 ಹೋದ ಮೇಲೆ ಹುಬ್ಬಳ್ಳಿಯಲ್ಲಿ ಮಾಡಿದ್ದ ನಿಜವಾದ ಬದಲಾವಣೆಗಳು, ಟ್ಯಾಲಿಯಲ್ಲಿ ತಪ್ಪನ್ನು ತಿದ್ದಿದ ಮೇಲೆ 120ರಲ್ಲಿ ತಾವೇ ಹೋಗುತ್ತವೆ. ಈ ಕಸರತ್ತನ್ನು ಒಂದು ಭಾನುವಾರ ಬೇಕೆಂದೇ ತಪ್ಪು ಪಟ್ಟಿ ಬಿಟ್ಟು ಮಾಡಿ ನೋಡಿ. ನಾವು ಮಾಡಿದಾಗ ಮೊದಲ ಸಲ ನಲವತ್ತು ನಿಮಿಷ ಹಿಡಿಯಿತು. ಅದರಲ್ಲಿ ಅರ್ಧ, ಹಾವೇರಿಯ ಅಂಗಡಿಯ ಬೀಗದಕೈ ಯಾರ ಹತ್ತಿರವಿದೆ ಎಂದು ಹುಡುಕುವುದರಲ್ಲೇ ಹೋಯಿತು.